ಮುಚ್ಚಳದಿಂದ ಮಣೆ: ಏಳನೇ ವಾರ

ಕೊನೆಗೂ ಒಂದು ಮಣೆ ಬಿರುಕು ಬಿಡದೆ ನಿಂತಿದೆ. 30 ಸೆಂ.ಮೀ. ಉದ್ದ, 20 ಅಗಲ, 2 ದಪ್ಪ. ತೂಕ 1 ಕೆಜಿ 130 ಗ್ರಾಂ. ನಿನ್ನೆ ಅಮ್ಮ ಅದರ ಮೇಲೆ ಕೂತು ಅವರೆಕಾಯಿ ಸುಲಿದರು. ಪೂರ್ತಿ ನೀರಿನ ಬಾಟಲಿ ಮುಚ್ಚಳಗಳನ್ನೇ ಕರಗಿಸಿ ಮಾಡಿದ ಮಣೆ. ನೀಲಿ, ಬಿಳಿ, ಅಲ್ಲಲ್ಲಿ ಹಸಿರು.

ಮುಚ್ಚಳಗಳಿಗೆ ನಮ್ಮ ದಾವಣಗೆರೆಯಲ್ಲಿ ಬರ ಇಲ್ಲ. ಒಂದು ಮದುವೆ ಮುಗಿದ ಸಂಜೆ ಕಲ್ಯಾಣ ಮಂಟಪದ ಹಿಂದೆ ಹೋದರೆ ಒಂದು ಚೀಲ ಸಿಗುತ್ತದೆ. ಕಷ್ಟ ಇರುವುದು ಬೇರ್ಪಡಿಸುವುದರಲ್ಲಿ.

ಮೊದಲ ಎರಡು ಮಣೆ ಒಡೆದದ್ದೂ ಅದಕ್ಕೇ. ನೀರಿನ ಬಾಟಲಿ ಮುಚ್ಚಳದ ಜೊತೆ ಶಾಂಪೂ, ಸಾಸ್ ಬಾಟಲಿಗಳ ಮುಚ್ಚಳವನ್ನೂ ಹಾಕಿದ್ದೆ. ನೀರಿನ ಬಾಟಲಿಯದ್ದು ಸಾಮಾನ್ಯವಾಗಿ ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್, ಸುಮಾರು 130 ಡಿಗ್ರಿಗೆ ಕರಗುತ್ತದೆ. ಶಾಂಪೂವಿನದ್ದು ಹೆಚ್ಚಾಗಿ ಪಿಪಿ ಅನ್ನುವ ಇನ್ನೊಂದು ಬಗೆ, ಅದಕ್ಕೆ 160 ದಾಟಬೇಕು. ಎರಡೂ ಕರಗಿದರೂ ಒಂದರೊಳಗೊಂದು ಬೆರೆಯುವುದಿಲ್ಲ. ತಣ್ಣಗಾದ ಮೇಲೆ ಪದರ ಪದರವಾಗಿ ಬಿಡುತ್ತವೆ. ಎರಡನೇ ಮಣೆಯನ್ನು ಬಗ್ಗಿಸಿದಾಗ ಸರಿಯಾಗಿ ಆ ಗೆರೆಯಲ್ಲೇ ಸೀಳಿತು.

ಮುಚ್ಚಳದ ಒಳಗೆ ತ್ರಿಕೋನ, ಅದರಲ್ಲಿ 2 ಅಥವಾ 5 ಅಂತ ಇದ್ದರೆ ಕೆಲಸ ಸುಲಭ. 2 ಎಚ್‌ಡಿಪಿಇ, 5 ಪಿಪಿ. ಈ ಅಂಕಿಗಳು 1988ರಲ್ಲಿ ಅಮೆರಿಕದಲ್ಲಿ ಶುರುವಾದವು. ಅದು ಯಾವ ಪ್ಲಾಸ್ಟಿಕ್ ಅಂತ ಮಾತ್ರ ಹೇಳುತ್ತದೆ. ತ್ರಿಕೋನ ಇದೆ ಅಂದ ಮಾತ್ರಕ್ಕೆ ಅದು ಮರುಬಳಕೆ ಆಗಿಯೇ ಆಗುತ್ತದೆ ಅಂತಲ್ಲ. ಬಹಳ ಜನ ಹಾಗೇ ತಿಳಿದಿದ್ದಾರೆ, ಅಲ್ವಾ?

ಗುರುತೇ ಇಲ್ಲದ ಮುಚ್ಚಳಕ್ಕೆ ಏನು ಮಾಡುವುದು? ನೀರಿಗೆ ಹಾಕಿದರೆ ಎರಡೂ ತೇಲುತ್ತವೆ. ಹಾಗಾಗಿ ಸಣ್ಣ ಚೂರು ಕತ್ತರಿಸಿ ಸೂರ್ಯಕಾಂತಿ ಎಣ್ಣೆಗೆ ಹಾಕಿ ನೋಡಿದೆ. ಎಚ್‌ಡಿಪಿಇ ಮುಳುಗಿತು, ಪಿಪಿ ನಿಧಾನಕ್ಕೆ ಮೇಲೆ ಬಂತು. ಚೂರಿಗೆ ಗಾಳಿಗುಳ್ಳೆ ಅಂಟಿದ್ದರೆ ತಪ್ಪು ಫಲ ಬರುತ್ತದೆ, ಕಡ್ಡಿಯಿಂದ ಕೆಳಕ್ಕೆ ಒತ್ತಿ ಬಿಡಬೇಕು. ಈ ಪರೀಕ್ಷೆಯೇ ಮೂರನೇ ಮಣೆಯನ್ನು ಉಳಿಸಿದ್ದು.

ಬಾಟಲಿಗಳನ್ನು ಗುಜರಿ ಅಂಗಡಿಗೆ ಕೊಡುತ್ತೇನೆ. ಅಲ್ಲಿಯ ಅಣ್ಣ ಚೂರನ್ನು ಕಿವಿ ಹತ್ತಿರ ಹಿಡಿದು ಮುರಿದು, ಸದ್ದು ಕೇಳಿಯೇ ಯಾವುದು ಅಂತ ಹೇಳುತ್ತಾರೆ. ನಾನು ಎಣ್ಣೆ ಬಟ್ಟಲು ಇಟ್ಟುಕೊಂಡು ಹತ್ತು ನಿಮಿಷ ಮಾಡುವ ಕೆಲಸ ಅವರಿಗೆ ಒಂದು ಕ್ಷಣ. "ಮುಚ್ಚಳ ತೆಗೆದು, ಲೇಬಲ್ ಕಿತ್ತು ತಾ ತಮ್ಮಾ, ಅದಕ್ಕೆ ರೇಟು ಜಾಸ್ತಿ" ಅಂದರು. ಯಾಕೆ ಅಂತ ಈಗ ಗೊತ್ತಾಗಿದೆ. ಒಂದು ನೀರಿನ ಬಾಟಲಿಯಲ್ಲೇ ಮೂರು ಬಗೆ ಇರಬಹುದು: ಬಾಟಲಿ ಪೆಟ್, ಮುಚ್ಚಳ ಎಚ್‌ಡಿಪಿಇ, ಲೇಬಲ್ ಪಿಪಿ. ಪೆಟ್ ನೀರಿನಲ್ಲಿ ಮುಳುಗುತ್ತದೆ. ಕಾರ್ಖಾನೆಯಲ್ಲೂ ಪುಡಿ ಮಾಡಿ ನೀರಿನ ತೊಟ್ಟಿಗೆ ಹಾಕಿ ಹೀಗೆಯೇ ಬೇರೆ ಮಾಡುತ್ತಾರೆ.

ಆ ಪೆಟ್ ಚೂರುಗಳು ಕರಗಿ ಸಣ್ಣ ರಂಧ್ರಗಳಿಂದ ಎಳೆಯಾಗಿ ಹೊರಬರುತ್ತವೆ, ಪಾಲಿಯೆಸ್ಟರ್ ಆಗುತ್ತವೆ. ದಿಂಬಿನ ತುಂಬು, ಟೀ ಶರ್ಟು, ಕಾರ್ಪೆಟ್ಟು. ನಮ್ಮಜ್ಜ ಇದೇ ಊರಿನ ಹತ್ತಿ ಮಿಲ್ಲಿನಲ್ಲಿ ನೂಲು ನೋಡಿಕೊಂಡೇ ಬದುಕಿದವರು. ನಾವು ಕುಡಿದು ಎಸೆದ ಬಾಟಲಿಯೂ ಎಳೆಯಾಗುತ್ತದೆ ಅಂತ ಅವರಿಗೆ ತೋರಿಸಬೇಕಿತ್ತು ಅನ್ನಿಸುತ್ತದೆ.

ಕರಗಿಸುವ ವಿಷಯ. ಗುಜರಿಯಲ್ಲೇ ಸಿಕ್ಕ ಹಳೇ ಓವನ್, ತಾರಸಿ ಮೇಲೆ, ಗಾಳಿ ಬೀಸುವ ಕಡೆ ಬೆನ್ನು ಮಾಡಿ. 180 ಡಿಗ್ರಿ. ಅದರಲ್ಲಿ ಇನ್ನು ಅಡುಗೆ ಮಾಡುವ ಹಾಗಿಲ್ಲ. 3 ಅಂತ ಗುರುತಿರುವ ಪಿವಿಸಿಯನ್ನು ಖಂಡಿತ ಹಾಕಬೇಡಿ. ಬಿಸಿಯಾದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಮಾತ್ರೆ ಸ್ಟ್ರಿಪ್ಪುಗಳ ಪಾರದರ್ಶಕ ಭಾಗ ಹೆಚ್ಚಾಗಿ ಇದೇ. ಅಚ್ಚಿನಿಂದ ಬೇಗ ತೆಗೆಯಬೇಡಿ, ಅದೂ ಮುಖ್ಯ. ಎಚ್‌ಡಿಪಿಇ ತಣ್ಣಗಾಗುವಾಗ ಕುಗ್ಗಿ ಸೊಟ್ಟಗಾಗುತ್ತದೆ. ಈ ಸಲ ಎರಡು ಹಲಗೆ ನಡುವೆ ಕ್ಲಾಂಪ್ ಬಿಗಿದು ಇಡೀ ರಾತ್ರಿ ಬಿಟ್ಟೆ.

ಹಾಲಿನ ಕವರನ್ನೂ ಒಮ್ಮೆ ಹಾಕಿ ನೋಡಿದೆ. ಅದು ಎಲ್‌ಡಿಪಿಇ, ಮೆತ್ತಗೆ. ಮಣೆಗೆ ಬರುವುದಿಲ್ಲ, ಕಸದ ಚೀಲ ಮಾಡುವವರಿಗೇ ಸರಿ. ಅಂದಹಾಗೆ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಚಿಕ್ಕ ಚೂರನ್ನು ಯಾರೂ ಆರಿಸುವುದಿಲ್ಲ, ಸೀದಾ ಚರಂಡಿಗೆ ಹೋಗುತ್ತದೆ. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ ಜೊತೆ ಅಲ್ಯೂಮಿನಿಯಂ ಲೇಪನ ಅಂಟಿರುತ್ತದೆ, ಬೇರೆ ಮಾಡಲು ನನ್ನಿಂದ ಆಗಲಿಲ್ಲ. ಅದನ್ನು ಗುಜರಿ ಅಣ್ಣನೂ ತೆಗೆದುಕೊಳ್ಳುವುದಿಲ್ಲ.

ಮುಂದಿನ ಮಣೆ ಪಕ್ಕದ ಮನೆ ಅಜ್ಜಿಗೆ. ಒಂದು ಮುಚ್ಚಳ ಸುಮಾರು 2 ಗ್ರಾಂ, ಅಂದರೆ 570 ಬೇಕು. ತೊಳೆದು ಒಣಗಿಸಿದ್ದು ಈಗ 310 ಇವೆ. ಭಾನುವಾರ ಇನ್ನೊಂದು ಮದುವೆ ಇದೆ.