ಗವರ್ನಮೆಂಟ್ ಕಟ್‌ನ ದೈತ್ಯ ಹಡಗುಗಳು: ಫೋಟೋ ಪ್ರಾಜೆಕ್ಟ್ ಎಲ್ಲಿವರೆಗೆ ಬಂತು

ಕ್ರೂಸ್ ಹಡಗುಗಳ ಫೋಟೋ ಪ್ರಾಜೆಕ್ಟ್ ಬಗ್ಗೆ ಬರೆದು ತುಂಬಾ ದಿನ ಆಯ್ತು, ಅದಕ್ಕೇ ಈ ಸಲ ಹೇಳೋಕೆ ಜಾಸ್ತಿನೇ ಇದೆ. ಹೊಸದಾಗಿ ಓದ್ತಿರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಅಮೆರಿಕದ ಮಯಾಮಿ ಬೀಚ್‌ನ ದಕ್ಷಿಣದ ತುದೀಲಿ ಸೌತ್ ಪಾಯಿಂಟ್ ಪಾರ್ಕ್ ಅಂತ ಇದೆ, ಅದರ ಅಂಚಲ್ಲೇ ಗವರ್ನಮೆಂಟ್ ಕಟ್ ಅನ್ನೋ ಚಾನೆಲ್, ಆಚೆ ದಡದಲ್ಲಿ ಫಿಶರ್ ಐಲೆಂಡ್. ಪೋರ್ಟ್‌ಮಯಾಮಿಯಿಂದ ಹೊರಡೋ ಕ್ರೂಸ್ ಹಡಗುಗಳೆಲ್ಲ ಈ ಸಂದೀಲೇ ಹಾದು ಸಮುದ್ರ ಸೇರ್ಬೇಕು. ವೀಕೆಂಡ್ ಸಂಜೆ ನಾಲ್ಕು ಗಂಟೆ ಮೇಲೆ ಒಂದರ ಹಿಂದೆ ಒಂದು ಬರ್ತಾನೇ ಇರ್ತಾವೆ, 2024ರ ಹಣಕಾಸು ವರ್ಷ ಒಂದರಲ್ಲೇ 82 ಲಕ್ಷಕ್ಕಿಂತ ಜಾಸ್ತಿ ಕ್ರೂಸ್ ಪ್ರಯಾಣಿಕರು ಓಡಾಡಿದ ಪೋರ್ಟ್ ಇದು. ನಾನು ಮಾಡ್ತಿರೋದು ಇಷ್ಟೇ: ಇದೇ ಪಾರ್ಕು, ನೀರಿನ ಮೇಲೆ ಚಾಚಿರೋ ಇದೇ ಕಟ್ಟೆ, ಅಂದ್ರೆ ಪಿಯರಿಂದ ದೊಡ್ಡ ದೊಡ್ಡ ಹಡಗುಗಳನ್ನ ಒಂದೊಂದಾಗಿ ಹಿಡೀಬೇಕು, ನೋಡಿದವರಿಗೆ ಅದರ ಗಾತ್ರ ಎದೆಗೆ ತಟ್ಬೇಕು.

ಮೊದಲು ಬೆಳಕಿನ ವಿಷಯ, ಯಾಕಂದ್ರೆ ಇಲ್ಲಿ ಎಲ್ಲಾ ನಿಂತಿರೋದು ಅದರ ಮೇಲೇನೇ. ಚಾನೆಲ್ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತೆ, ನಾವು ನಿಲ್ಲೋದು ಉತ್ತರದ ದಡದಲ್ಲಿ. ಡಿಸೆಂಬರಲ್ಲಿ ಸೂರ್ಯ ನೈಋತ್ಯದ ಕಡೆ ಇಳಿಯೋದ್ರಿಂದ ಹಡಗಿನ ನಮ್ಮ ಕಡೆ ಮಗ್ಗುಲು ಪೂರ್ತಿ ನೆರಳಲ್ಲಿರುತ್ತೆ, ಬಿಳಿ ಹಡಗು ನೀಲಿ ಬೂದು ಗೋಡೆ ಥರ ಬರುತ್ತೆ. ಜೂನಲ್ಲಿ ಸೂರ್ಯ ವಾಯವ್ಯಕ್ಕೆ ಸರಿದಾಗ ಅದೇ ಮಗ್ಗುಲಿಗೆ ಓರೆಯಾಗಿ ಹೊನ್ನಿನ ಬೆಳಕು ಬಿದ್ದು ಒಂದೊಂದು ಬಾಲ್ಕನಿ ಬೇರೆ ಬೇರೆಯಾಗಿ ಎದ್ದು ಕಾಣುತ್ತೆ. ಆದ್ರೆ ಒಂದು ಕೋನ ಮಾತ್ರ ವರ್ಷ ಪೂರ್ತಿ ಕೈ ಕೊಡಲ್ಲ, ಅದು ಹಡಗಿನ ಹಿಂಭಾಗ. ಪೂರ್ವಕ್ಕೆ ಹೊರಟ ಹಡಗಿನ ಬೆನ್ನು ಪಶ್ಚಿಮಕ್ಕೇ ತಾನೇ ಇರೋದು, ಸಂಜೆ ಬಿಸಿಲು ನೇರ ಅದರ ಮೇಲೆ. ಬಹಳ ಜನ ಮೂತಿ ಹಾದ ಕೂಡ್ಲೇ ಕ್ಯಾಮೆರಾ ಬ್ಯಾಗಿಗೆ ಹಾಕ್ಕೊಂಡು ಹೊರಡ್ತಾರೆ, ದಯವಿಟ್ಟು ಹಂಗ್ ಮಾಡ್ಬೇಡಿ, ರಾಯಲ್ ಕೆರಿಬಿಯನ್ ಕಂಪನಿಯ ಓಯಸಿಸ್ ಕ್ಲಾಸ್ (ಒಂದೇ ಮಾದರಿಯ ದೈತ್ಯ ಹಡಗುಗಳ ಗುಂಪು) ಹಡಗಾದ್ರಂತೂ ಹಿಂದುಗಡೆ ಸೀಳಿದಂಗಿರೋ, ತೆರೆದ ಬೀದಿ ಥರದ ಬೋರ್ಡ್‌ವಾಕು, ಅದರ ತುದೀಲಿ ನೀರಿನ ಶೋ ನಡೆಯೋ ಆಕ್ವಾಥಿಯೇಟರ್ ಆ ಬೆಳಕಲ್ಲಿ ಒಳಗಿಂದ ದೀಪ ಹಚ್ಚಿದಂಗೆ ಕಾಣುತ್ತೆ.

ಸೆಟ್ಟಿಂಗ್ ಕೇಳೋರಿಗೆ: ಎಫ್ 8, ಶಟರ್ 1/500 ಸುಮಾರು, ಫ್ರೇಮ್ ತುಂಬಾ ಬಿಳಿ ಗೋಡೆನೇ ಇದ್ರೆ ಕ್ಯಾಮೆರಾ ಅದನ್ನ ಬೂದು ಮಾಡಿಬಿಡುತ್ತೆ, ಅದಕ್ಕೆ ಎಕ್ಸ್‌ಪೋಷರ್ ಸ್ವಲ್ಪ ಪ್ಲಸ್ ಕಡೆ ಇಟ್ಕೊಳ್ಳಿ. ಚಳಿಗಾಲದಲ್ಲಿ ತಣ್ಣನೆ ಗಾಳಿ ಬೀಸಿದ ಮಾರನೇ ದಿನ 400 ಎಂಎಂ ಲೆನ್ಸ್ ಹಾಕ್ಕೊಂಡು ದೂರದ ಹಡಗು ತೆಗೆಯೋಕೆ ಹೋಗ್ಬೇಡಿ, ಬೆಚ್ಚಗಿನ ನೀರಿನ ಮೇಲೆ ತಣ್ಣನೆ ಗಾಳಿ ಕೂತು ಗೆರೆಗಳೆಲ್ಲ ಅಲ್ಲಾಡ್ತವೆ, ಎಂಥಾ ಲೆನ್ಸಾದ್ರೂ ಶಾರ್ಪ್ ಬರಲ್ಲ. ಉಪ್ಪು ಹನಿ ಒರೆಸೋಕೆ ಮೆತ್ತನೆ ಬಟ್ಟೆ ಎರಡಿರಲಿ.

ಈಗ ಗಾತ್ರದ ಮಾತು. ಐಕಾನ್ ಆಫ್ ದಿ ಸೀಸ್ ಅನ್ನೋ ಹಡಗು 2024ರ ಜನವರಿ 27ಕ್ಕೆ ಇಲ್ಲಿಂದಲೇ ಮೊದಲ ಪ್ರಯಾಣ ಹೊರಟಿದ್ದು. ಉದ್ದ ಸುಮಾರು 365 ಮೀಟರ್, 20 ಡೆಕ್ (ಮಹಡಿ), ಎಲ್ಲಾ ಬೆಡ್ ತುಂಬಿದ್ರೆ 7,600 ಪ್ರಯಾಣಿಕರು, ಜೊತೆಗೆ 2,350 ಸಿಬ್ಬಂದಿ. ಗ್ರಾಸ್ ಟನೇಜ್ 2,48,663. ಇದು ತೂಕ ಅಂದ್ಕೊಳ್ಳೋರೇ ಜಾಸ್ತಿ, ಅದು ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ನನಗೆ ಯಾವತ್ತೂ ಬೆರಗು ಅನ್ಸೋದು ಇನ್ನೊಂದು ಲೆಕ್ಕ: ಓಯಸಿಸ್ ಆಫ್ ದಿ ಸೀಸ್ ನೀರಿಂದ ಮೇಲೆ 72 ಮೀಟರ್ ಎದ್ದಿದೆ, ನೀರೊಳಗೆ ಇರೋದು ಬರೀ 9.3 ಮೀಟರ್. ಎಂಜಿನ್ನು, ಇಂಧನ, ನೀರಿನ ಟ್ಯಾಂಕು ಎಲ್ಲಾ ತಳದಲ್ಲಿ, ಮೇಲಿನ ಡೆಕ್‌ಗಳು ಹಗುರ, ಅಗಲ ನೀರಿನ ಮಟ್ಟದಲ್ಲೇ 47 ಮೀಟರ್, ಹಾಗಾಗಿ ನಿಲ್ಲುತ್ತೆ.

ಇಷ್ಟೆಲ್ಲಾ ಇದ್ರೂ ಫೋಟೋದಲ್ಲಿ ಈ ಗಾತ್ರ ತಾನಾಗೇ ಬರಲ್ಲ. ಹಡಗೊಂದೇ ಇದ್ರೆ ಆಟದ ಸಾಮಾನು ಥರ ಕಾಣುತ್ತೆ, ಪಕ್ಕದಲ್ಲಿ ನಮಗೆ ಗೊತ್ತಿರೋ ಅಳತೆಯ ಏನಾದ್ರೂ ಬೇಕೇ ಬೇಕು. ನಾನು ಮೊದಲು ಹಿಡಿದಿದ್ದು ಪೈಲಟ್ ಬೋಟ್. ಇಲ್ಲಿ ಪೈಲಟ್ ಅಂದ್ರೆ ಚಾನೆಲ್ ದಾಟೋವರೆಗೆ ಹಡಗಿಗೆ ದಾರಿ ತೋರಿಸೋ ಬಂದರಿನ ಪರಿಣತ. ಬಿಸ್ಕೇನ್ ಬೇ ಪೈಲಟ್‌ಗಳ ಪುಟ್ಟ ದೋಣಿ ಹಡಗಿನ ಮಗ್ಗುಲಲ್ಲೇ ಓಡುತ್ತೆ, ಚಾನೆಲ್ ದಾಟಿದ ಮೇಲೆ ಪೈಲಟನ್ನ ಏಣಿಯಿಂದ ಇಳಿಸ್ಕೊಂಡು ವಾಪಸ್ ಬರುತ್ತೆ. ಆಮೇಲೆ ಲೈಫ್‌ಬೋಟ್. ಓಯಸಿಸ್‌ನಲ್ಲಿ ಮಗ್ಗುಲಿಗೆ ನೇತಾಡೋ ಒಂದೊಂದು ಲೈಫ್‌ಬೋಟೂ 370 ಜನಕ್ಕೆ, ಅಂದ್ರೆ ನಮ್ಮೂರಿನ ಏಳು ಕೆಂಪು ಬಸ್ಸಿನಷ್ಟು ಜನ ಒಂದು ದೋಣೀಲಿ, ಅಂಥವು 18 ಇದಾವೆ. ಹಡಗು ಪೂರ್ತಿ ಹಿಡಿಯೋದು ಬಿಟ್ಟು ಮೂರು ಲೈಫ್‌ಬೋಟು, ಅದರ ಮೇಲೆ ಏಳೆಂಟು ಸಾಲು ಬಾಲ್ಕನಿ ಅಷ್ಟೇ ಹಿಡಿದ ಫ್ರೇಮ್ ಇಡೀ ಸರಣೀಲಿ ನನಗೆ ತುಂಬಾ ಇಷ್ಟ ಆಗಿರೋದು.

ಈ ಮಧ್ಯೆ ಅಪ್ಪ ಅಮ್ಮ ಮೈಸೂರಿಂದ ಬಂದಿದ್ರು, ಅವರನ್ನ ಕರ್ಕೊಂಡು ಓಯಸಿಸ್ ಕ್ಲಾಸ್ ಹಡಗೊಂದರಲ್ಲಿ ಹೋಗ್ಬಂದ್ವಿ, ಪ್ರಾಜೆಕ್ಟಿಗೆ ತಿರುವು ಸಿಕ್ಕಿದ್ದೇ ಅಲ್ಲಿ. ಇಷ್ಟೊಂದು ಜನ ಇರೋ ಹಡಗಲ್ಲಿ ಏನು ಸುಖ ಅಂತ ಸುಮಾರು ಜನ ಕೇಳ್ತಾರೆ. ನಡುವೆ ಎಂಟನೇ ಡೆಕ್‌ನಲ್ಲಿ ಆಕಾಶಕ್ಕೆ ತೆರೆದಿರೋ ಸೆಂಟ್ರಲ್ ಪಾರ್ಕ್, ನಿಜವಾದ ಗಿಡ ಮರ, ಬೆಳಗ್ಗೆ ಆರೂವರೆಗೆ ಹೋದ್ರೆ ತೋಟದವರು ಎಲೆ ತೆಗೀತಿರ್ತಾರೆ, ಇನ್ಯಾರೂ ಇರಲ್ಲ. ಅಮ್ಮ ದಿನಾ ಕಾಫಿ ಹಿಡ್ಕೊಂಡು ಅಲ್ಲೇ ಕೂರ್ತಿದ್ರು. ಮೊದಲ ರಾತ್ರಿನೇ ಊಟದ ಹಾಲ್‌ನಲ್ಲಿ ಹೆಡ್ ವೇಟರ್‌ಗೆ ಹೇಳಿದ್ರೆ ಮರುದಿನದಿಂದ ಇಂಡಿಯನ್ ವೆಜ್ ಊಟ ಮಾಡಿಸ್ಕೊಡ್ತಾರೆ, ವಯಸ್ಸಾದವರ ಜೊತೆ ಹೋಗೋರು ಇದನ್ನ ನೆನಪಿಟ್ಕೊಳ್ಳಿ. ಮೊಣಕಾಲು ನೋವಿರೋ ಅಪ್ಪನಿಗೆ ಸೂಟ್‌ಕೇಸ್ ಒಂದೇ ಸಲ ಬಿಚ್ಚಿಟ್ಟು ಪ್ರತಿದಿನ ಹೊಸ ಊರು ಹೊಸ ಸಮುದ್ರ ನೋಡೋ ಪ್ರಯಾಣ ಇನ್ಯಾವುದಿದೆ ಹೇಳಿ. ಬಾಲ್ಕನೀಲಿ ಕೂತು ಅವರು ಸುಮ್ನೆ ನೀರು ನೋಡ್ತಿದ್ದಿದ್ದನ್ನ ನೋಡೇ ನನಗೆ ಕ್ರೂಸ್ ಅಂದ್ರೆ ಏನು ಅಂತ ಅರ್ಥ ಆಗಿದ್ದು.

ಊಟ ಬಡಿಸೋಕೆ ಬಂದ ಹುಡುಗನ ಹೆಸರಿನ ಪಟ್ಟಿ ಮೇಲೆ ಇಂಡಿಯಾ ಅಂತಿತ್ತು, ನಾವು ಕನ್ನಡ ಮಾತಾಡೋದು ಕೇಳಿ "ನಿಮ್ಗೆ ಎಲ್ಲಿ ಆಯ್ತು ಅಮ್ಮ?" ಅಂದ, ಅಂದ್ರೆ ನಿಮ್ಮೂರು ಯಾವುದು ಅಂತ. ಮಂಗ್ಳೂರವನು. ಕರಾವಳಿ ಕಡೆಯಿಂದ, ಗೋವಾದಿಂದ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗಿಗೆ ಬರೋ ಹುಡುಗರು ಎಷ್ಟೋ ಜನ ಇದಾರೆ. ಪಣಂಬೂರು ಬೀಚ್‌ನಿಂದ ಹೊಸ ಮಂಗಳೂರು ಬಂದರಿಗೆ ಬರೋ ಕ್ರೂಸ್ ಹಡಗು ನೋಡ್ತಾ ಬೆಳೆದವನಂತೆ, "ಒಂದಿನ ಅದರ ಒಳಗೆ ಹೋಗ್ಬೇಕು ಅಂತಿತ್ತು, ಈಗ ಒಳಗೇ ಮನೆ" ಅಂತ ನಕ್ಕ. ಕೆಳಗಿನ ಡೆಕ್‌ನಲ್ಲಿ ಹಡಗಿನ ಉದ್ದಕ್ಕೂ ಸಿಬ್ಬಂದಿ ಓಡಾಡೋ ದೊಡ್ಡ ಓಣಿ ಇರುತ್ತೆ, ಅದಕ್ಕೆ ಅವರೆಲ್ಲ ಐ-95 ಅಂತಾರೆ, ಮಯಾಮಿವರೆಗೆ ಬರೋ ನಮ್ಮ ಹೈವೇ ಹೆಸರು. ತರಕಾರಿ, ಲಗೇಜು, ಒಗೆಯೋ ಬಟ್ಟೆ ಎಲ್ಲಾ ಅಲ್ಲೇ ಹರೀತಿರುತ್ತೆ, ಮೇಲೆ ಏಳು ದಿನ ಹಬ್ಬ ನಡೀಬೇಕಂದ್ರೆ ಕೆಳಗೆ ಆ ಓಣಿ ನಿಲ್ಲೋ ಹಾಗಿಲ್ಲ.

ವಾಪಸ್ ಬಂದ್ಮೇಲೆ ನಾನು ಹಡಗನ್ನ ನೋಡೋ ರೀತಿನೇ ಬದಲಾಗಿದೆ. ಮುಂಚೆ ಕಣ್ಣು ಮೇಲೆ, ಚಿಮಣಿ, ವಾಟರ್ ಸ್ಲೈಡ್ ಕಡೆ. ಈಗ ಕೆಳಗೆ. ನೀರಿನ ಹತ್ತಿರ ಇರೋ ದುಂಡು ಕಿಟಕಿಗಳ ಹಿಂದೆ ಸಿಬ್ಬಂದಿ ರೂಮುಗಳು. ಮೂತಿ ಹತ್ರ ಹಗ್ಗ ಕಟ್ಟೋ ಮೂರಿಂಗ್ ಡೆಕ್‌ನ ಕಿಂಡಿಗಳಿರುತ್ತೆ, ಚಾನೆಲ್ ದಾಟೋವರೆಗೂ ಅಲ್ಲಿ ಜನ ನಿಂತೇ ಇರ್ತಾರೆ, ಏನಾದ್ರೂ ಕೆಟ್ರೆ ತಕ್ಷಣ ಲಂಗರು ಬಿಡೋಕೆ. ಮೊನ್ನೆ ಐಕಾನ್ ಹೋಗುವಾಗ 300 ಎಂಎಂನಲ್ಲಿ ಆ ಕಿಂಡಿ ಒಂದನ್ನೇ ಹಿಡಿದೆ: ಫ್ರೇಮ್ ತುಂಬಾ ತಿಳಿನೀಲಿ ಉಕ್ಕು, ನಡುವೆ ಒಂದು ಕಪ್ಪು ಚೌಕ, ಅದರಲ್ಲಿ ಹೆಲ್ಮೆಟ್ ಹಾಕಿದ ಇಬ್ಬರು, ಒಬ್ಬ ರೇಡಿಯೋ ಕಿವಿಗೆ ಇಟ್ಕೊಂಡಿದಾನೆ, ಇನ್ನೊಬ್ಬ ದಡದಲ್ಲಿದ್ದ ಮಗೂಗೆ ಕೈ ಬೀಸ್ತಿದಾನೆ. ಪೈಲಟ್ ಬೋಟು, ಲೈಫ್‌ಬೋಟು ಯಾವುದೂ ಹೇಳದಷ್ಟು ಜೋರಾಗಿ ಗಾತ್ರ ಹೇಳುತ್ತೆ ಆ ಫೋಟೋ.

ದೊಡ್ಡ ಹಡಗುಗಳ ಬಗ್ಗೆ ಇರೋ ತಕರಾರು ನನಗೂ ಗೊತ್ತು, ಇಟಲಿ ಸರ್ಕಾರ 2021ರಲ್ಲಿ ಇವನ್ನ ವೆನಿಸ್ ಊರ ನಡುವಿನ ಕಾಲುವೆಯಿಂದ ಹೊರಗಿಟ್ಟಿದ್ದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಪೋರ್ಟ್‌ಮಯಾಮೀಲಿ 2024ರಿಂದ ದಡದ ಕರೆಂಟ್ ಕೊಡೋ ವ್ಯವಸ್ಥೆ ಬಂದಿದೆ, ಅದಕ್ಕೆ ಹೊಂದೋ ಹಡಗು ನಿಂತಿರುವಾಗ ಎಂಜಿನ್ ಓಡಿಸ್ಬೇಕಾಗಿಲ್ಲ, ಇದು ಎಲ್ಲಾ ಬಂದರಿಗೂ ಬರಲಿ.

ಮುಂದಿನ ಕೆಲಸ: 2025ರಲ್ಲಿ ಬಂದ ಎಂಎಸ್‌ಸಿ ವರ್ಲ್ಡ್ ಅಮೆರಿಕಾ ಹಡಗಿನ ಹಿಂಭಾಗ ಇನ್ನೂ ಒಳ್ಳೇ ಬೆಳಕಲ್ಲಿ ಸಿಕ್ಕಿಲ್ಲ, ಸ್ಟಾರ್ ಆಫ್ ದಿ ಸೀಸ್‌ಗೋಸ್ಕರ ಪೋರ್ಟ್ ಕನಾವೆರಲ್‌ನ ಜೆಟ್ಟಿ ಪಾರ್ಕಿಗೆ ಹೋಗ್ಬೇಕು. ಮೂರಿಂಗ್ ಡೆಕ್ ಫೋಟೋಗಳನ್ನ ಬೇರೇನೇ ಸರಣಿ ಮಾಡ್ತಿದೀನಿ. ನಿಮ್ಮಲ್ಲಿ ಯಾರಾದ್ರೂ ಹಡಗಲ್ಲಿ ಕೆಲಸ ಮಾಡ್ತಿದ್ದು ಮಯಾಮಿಯಿಂದ ಹೊರಡೋ ದಿನ ಮುಂದುಗಡೆ ಡ್ಯೂಟಿ ಇದ್ರೆ ಹಡಗಿನ ಹೆಸರು, ತಾರೀಖು ಹೇಳಿ, ಪಿಯರ್ ಮೇಲೆ ಕ್ಯಾಮೆರಾ ಹಿಡ್ಕೊಂಡು ನಿಂತಿರ್ತೀನಿ, ಫೋಟೋ ನಿಮ್ಮನೆಯವರಿಗೆ ಕಳಿಸ್ತೀನಿ.