ಸೋಲಾರ್ ಬ್ಯಾಟರಿ ತುಂಬ್ತಿಲ್ವಾ? ಹೊಸದು ತರೋ ಮುಂಚೆ ಮಧ್ಯಾಹ್ನ ಒಂದು ಸಲ ಅಳೆದು ನೋಡಿ

ತುಮಕೂರು, ಕೊರಟಗೆರೆ, ಮಧುಗಿರಿ, ಪಾವಗಡ. ಈ ಸಾಲಿನಲ್ಲಿ ಮನೆ ಸೋಲಾರ್ ರಿಪೇರಿ ನನ್ನ ಕೆಲಸ. ಹೆಚ್ಚಿನವು ಸಣ್ಣ ಸೆಟ್‌ಗಳು. ತಾರಸಿ ಮೇಲೆ ಒಂದೋ ಎರಡೋ ಪ್ಯಾನಲ್, ಗೋಡೆಗೆ ಚಾರ್ಜ್ ಕಂಟ್ರೋಲರ್ (ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಡಬ್ಬಿ), ಮೂಲೆಯಲ್ಲಿ 150 ಆಂಪ್ ಅವರ್‌ನ ಟ್ಯೂಬುಲರ್ ಅನ್ನುವ ಲೆಡ್ ಬ್ಯಾಟರಿ. ಬರುವ ಫೋನ್‌ಗಳಲ್ಲಿ ಜಾಸ್ತಿ ಇರುವುದು ಒಂದೇ ದೂರು, "ಬ್ಯಾಟರಿ ಚಾರ್ಜ್ ಆಗ್ತಿಲ್ಲ". ಅದರ ಬೆನ್ನಿಗೇ ಇನ್ನೊಂದು ಮಾತು, "ಬ್ಯಾಟರಿ ಹೋಗಿರಬೇಕು, ಹೊಸದು ತಗೊಂಡ್ಬಿಡ್ಲಾ?"

ಸ್ವಲ್ಪ ತಡೀರಿ ಅಂತ ನಾನು ಹೇಳುತ್ತೇನೆ. ಬ್ಯಾಟರಿ ಸೆಟ್‌ನಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನುಗಳಲ್ಲಿ ಒಂದು. ತಪ್ಪು ಎಲ್ಲಿದೆ ಅಂತ ನೋಡದೆ ಅದನ್ನು ಬದಲಾಯಿಸಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹೊಸ ಬ್ಯಾಟರಿ ಅಂಗಡಿಯಿಂದ ಚಾರ್ಜ್ ಆಗಿಯೇ ಬರುತ್ತದೆ. ಹಾಗಾಗಿ ಮೊದಲ ಕೆಲವು ದಿನ ಎಲ್ಲಾ ಸರಿಹೋಯ್ತು ಅನ್ನಿಸುತ್ತದೆ. ಆಮೇಲೆ ಅದೇ ಕಥೆ.

ನಾನು ಹೋಗುವುದು ಆದಷ್ಟು ಮಧ್ಯಾಹ್ನ 12ರಿಂದ 1ರ ಒಳಗೆ. ಬಿಸಿಲು ಚೆನ್ನಾಗಿರಬೇಕು. ಸಂಜೆ ಹೋಗಿ ಬ್ಯಾಟರಿಯ ವೋಲ್ಟ್ ನೋಡಿದರೆ ಚಾರ್ಜಿಂಗ್ ಬಗ್ಗೆ ಏನೂ ಗೊತ್ತಾಗಲ್ಲ. ಕೈಯಲ್ಲಿ ಡಿಸಿ ಓದುವ ಕ್ಲ್ಯಾಂಪ್ ಮೀಟರ್, ಅಂದರೆ ವೈರ್ ಬಿಚ್ಚದೆ ಸುತ್ತ ಹಿಡಿದು ಆಂಪ್ ಅಳೆಯುವ ಮೀಟರ್ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಕ್ಲ್ಯಾಂಪ್ ಮೀಟರ್‌ಗಳು ಎಸಿ ಆಂಪ್ ಮಾತ್ರ ಓದುತ್ತವೆ. ಅದನ್ನು ಸೋಲಾರ್ ವೈರ್‌ಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. "ನೋಡಿ ಸಾರ್, ಕರೆಂಟೇ ಹೋಗ್ತಿಲ್ಲ" ಅಂತ ಹೇಳಿ ಹೋದ ಎಲೆಕ್ಟ್ರಿಷಿಯನ್‌ಗಳ ಹಿಂದೆ ನಾನು ಹೋಗಿದ್ದುಂಟು. ಮೀಟರ್ ಬದಲಿಸಿದ ತಕ್ಷಣ ಆರೇಳು ಆಂಪ್ ಕಾಣಿಸುತ್ತದೆ.

ಅಳೆಯುವುದು ಮೂರು ಕಡೆ: ಬ್ಯಾಟರಿ ಟರ್ಮಿನಲ್ ಮೇಲಿನ ವೋಲ್ಟ್, ಕಂಟ್ರೋಲರ್‌ನಿಂದ ಬ್ಯಾಟರಿಗೆ ಹೋಗುವ ಆಂಪ್, ಪ್ಯಾನಲ್‌ನಿಂದ ಕಂಟ್ರೋಲರ್‌ಗೆ ಬರುವ ವೋಲ್ಟ್. ಬ್ಯಾಟರಿ ಎಷ್ಟು ತುಂಬಿದೆ ಅಂತ ಕಂಟ್ರೋಲರ್ ಮೇಲೆ ತೋರಿಸುವ ಗೆರೆಗಳನ್ನು ನಂಬುವ ಹಾಗಿಲ್ಲ. ಸಾಮಾನ್ಯ ಕಂಟ್ರೋಲರ್‌ಗಳಲ್ಲಿ ಆ ಗೆರೆಗಳು ವೋಲ್ಟ್ ನೋಡಿ ಬರುವಂಥವು. ಬಿಸಿಲಲ್ಲಿ ಚಾರ್ಜ್ ಆಗುವಾಗ ವೋಲ್ಟ್ ಮೇಲೆ ಇರುತ್ತದೆ, ಗೆರೆ ತುಂಬಿರುತ್ತದೆ. ಸಂಜೆ ಲೈಟು, ಫ್ಯಾನು ಹಾಕಿದ ಕೂಡಲೇ ದಬ್ ಅಂತ ಇಳಿಯುತ್ತದೆ. ಮನೆಯವರು ಆಗ ಫೋನ್ ಮಾಡುತ್ತಾರೆ.

ಬ್ಯಾಟರಿಗೆ ಆಂಪ್ ಚೆನ್ನಾಗಿಯೇ ಹೋಗುತ್ತಿದೆ ಅಂದರೆ ಸಾಮಾನಿನಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿ ತಪ್ಪಿದೆ. 12 ವೋಲ್ಟ್, 150 ಆಂಪ್ ಅವರ್ ಅಂದರೆ 1.8 ಯೂನಿಟ್. ಮೇಲಿರುವುದು 165 ವ್ಯಾಟ್‌ನ ಒಂದೇ ಪ್ಯಾನಲ್. ಒಳ್ಳೆ ಬಿಸಿಲು ದಿನಕ್ಕೆ ಐದು ಗಂಟೆ ಅಂತ ಹಿಡಿದರೂ, ದಾರಿಯಲ್ಲಿ ಸೋರಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು 0.6 ಯೂನಿಟ್ ಆಸುಪಾಸು. ಎಪ್ಪತ್ತು ವ್ಯಾಟ್‌ನ ಒಂದು ಹಳೇ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ ಅಷ್ಟೂ ಮುಗಿಯಿತು. ಟಿವಿ, ಲೈಟು, ಮೊಬೈಲು ಬೇರೆ. ಸಂಬಳ ಬಂದ ದಿನವೇ ಅಂಗಡಿ ಬಾಕಿಗೆ ಹೋದ ಹಾಗೆ, ಇಂಥ ಮನೆಯ ಬ್ಯಾಟರಿ ತುಂಬುವ ಮಾತೇ ಇಲ್ಲ. ಇಲ್ಲಿ ಇನ್ನೊಂದು ಪ್ಯಾನಲ್ ಬೇಕು, ಇಲ್ಲಾ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಬೇಕು. ಹೊಸ ಬ್ಯಾಟರಿ ಅಲ್ಲ. ಬರೀ ದೊಡ್ಡ ಬ್ಯಾಟರಿ ಹಾಕಿಸಿಕೊಂಡವರ ಮನೆಯಲ್ಲಿ ತೊಂದರೆ ಇನ್ನೂ ಬೇಗ ಶುರುವಾಗುತ್ತದೆ, ಯಾಕೆಂದರೆ ಅರೆಹೊಟ್ಟೆಯಲ್ಲೇ ಇರುವ ಲೆಡ್ ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಪದರ ಹಿಡಿದು ಚಾರ್ಜ್ ನಿಲ್ಲದಂತಾಗುತ್ತದೆ.

ಆಂಪ್ ಇಲ್ಲ, ಅಥವಾ ಹೆಸರಿಗೆ ಮಾತ್ರ ಇದೆ ಅಂದರೆ ವೈರ್ ಹಿಡಿದುಕೊಂಡು ಮೇಲಕ್ಕೆ ಹತ್ತಬೇಕು. ಇಲ್ಲಿ ಬಹಳ ಜನ ಎಡವುವುದು ವೋಲ್ಟ್ ನೋಡಿ. ವೈರ್ ಬಿಚ್ಚಿ ಅಳೆಯುತ್ತಾರೆ, 20 ವೋಲ್ಟ್ ಬರುತ್ತದೆ, "ಪ್ಯಾನಲ್ ಸರಿ ಇದೆ" ಅಂತ ಕೆಳಗಿಳಿಯುತ್ತಾರೆ. 36 ಸೆಲ್‌ನ ಪ್ಯಾನಲ್ ಮೋಡದಲ್ಲೂ, ಧೂಳು ಹಿಡಿದಾಗಲೂ, ಅರ್ಧ ನೆರಳಲ್ಲೂ ಬಿಚ್ಚಿಟ್ಟ ತುದಿಯಲ್ಲಿ 20ರ ಹತ್ತಿರ ತೋರಿಸುತ್ತದೆ. ಕೆಲಸ ಹೇಳಿದಾಗ, ಅಂದರೆ ಬ್ಯಾಟರಿಗೆ ಜೋಡಿಸಿದಾಗ ಎಷ್ಟು ಆಂಪ್ ಕೊಡುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ.

ಕೊರಟಗೆರೆ ಕಡೆ ಒಂದು ತೋಟದ ಮನೆ. ಬೇಸಿಗೆಯಲ್ಲಿ ಹಾಕಿಸಿದ ಸೆಟ್. ದೀಪಾವಳಿ ತನಕ ಚೆನ್ನಾಗಿ ನಡೆದಿದೆ, ಆಮೇಲೆ ದಿನ ದಿನಕ್ಕೂ ಸೊರಗಿದೆ. ಚಳಿಗಾಲದಲ್ಲಿ ಬಿಸಿಲು ಕಡಿಮೆ ಅಲ್ವಾ, ಅದಕ್ಕೇ ಹೀಗೆ ಅಂತ ಮನೆಯವರು ಸುಮ್ಮನಿದ್ದರು. ಡಿಸೆಂಬರ್ ಮಧ್ಯಾಹ್ನ ನಾನು ತಾರಸಿ ಹತ್ತಿದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪ್ಯಾನಲ್‌ನ ಒಂದು ಮೂಲೆಯಲ್ಲಿ ತೆಂಗಿನ ಗರಿಯ ನೆರಳು, ಬಾಚಣಿಗೆ ಹಲ್ಲಿನಷ್ಟು ಸಣ್ಣ ಸಣ್ಣ ಗೆರೆಗಳು. ಗಾಳಿಗೆ ಅಲ್ಲಾಡುತ್ತಿತ್ತು. ಕ್ಲ್ಯಾಂಪ್‌ನಲ್ಲಿ ಒಂದು ಆಂಪ್‌ಗೂ ಕಡಿಮೆ. ಗಾಳಿ ಬಂದು ಗರಿ ಪಕ್ಕಕ್ಕೆ ಸರಿದರೆ ಏಳಕ್ಕೆ ಹಾರುತ್ತದೆ, ಮತ್ತೆ ಬಿದ್ದುಹೋಗುತ್ತದೆ.

"ಇಷ್ಟು ನೆರಳಿಗೆ ಏನಾಗುತ್ತಪ್ಪಾ? ಮುಕ್ಕಾಲು ಭಾಗ ಬಿಸಿಲಲ್ಲೇ ಇದೆಯಲ್ಲಾ" ಅಂದರು ಯಜಮಾನರು. ನೋಡುವವರಿಗೆ ಹಾಗೇ ಅನ್ನಿಸುತ್ತದೆ. ಪ್ಯಾನಲ್‌ನ ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಣೆಯಾಗಿವೆ. ಸಾಲಿನಲ್ಲಿ ಒಂದು ಸೆಲ್ ನೆರಳಿಗೆ ಸಿಕ್ಕಿದರೂ ಅದು ಬಿಟ್ಟಷ್ಟೇ ಆಂಪ್ ಎಲ್ಲದರಿಂದಲೂ ಬರುತ್ತದೆ. ಹಿಂದಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್ ಇರುತ್ತದೆ ನಿಜ. 12 ವೋಲ್ಟ್ ಪ್ಯಾನಲ್‌ನಲ್ಲಿ ಸಾಮಾನ್ಯವಾಗಿ ಎರಡು, ಒಂದೊಂದಕ್ಕೆ 18 ಸೆಲ್. ನೆರಳು ಬಿದ್ದ ಅರ್ಧವನ್ನು ಡಯೋಡ್ ಪಕ್ಕಕ್ಕಿಟ್ಟರೆ ಉಳಿದ ಅರ್ಧದಿಂದ ಸಿಗುವುದು 9 ವೋಲ್ಟ್. ಅದು 12 ವೋಲ್ಟ್ ಬ್ಯಾಟರಿಯೊಳಗೆ ಹೇಗೆ ಹೋಗಬೇಕು?

ಬೇಸಿಗೆಯಲ್ಲಿ ಈ ನೆರಳು ಇರಲಿಲ್ಲ. ತುಮಕೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ. ಜೂನ್‌ನಲ್ಲಿ ಇನ್ನೂ ಹತ್ತು ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ, ಮರದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ನಡು ಮಧ್ಯಾಹ್ನವೂ ಅವನು ದಕ್ಷಿಣಕ್ಕೆ ವಾಲಿ 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ದಕ್ಷಿಣಕ್ಕಿರುವ ತೆಂಗಿನ ಮರ ತಾರಸಿಗಿಂತ ಹತ್ತು ಮೀಟರ್ ಎತ್ತರ ಇದ್ದರೆ ಅದರ ನೆರಳು ತಾರಸಿ ಮೇಲೆ ಏಳೂವರೆ ಮೀಟರ್ ಚಾಚುತ್ತದೆ. ಮರ ಕಡಿಯುವ ಮಾತೇ ಇಲ್ಲ, ಫಲ ಬಿಡುವ ಮರ. ಪ್ಯಾನಲ್ ಸ್ಟ್ಯಾಂಡ್ ಬಿಚ್ಚಿ ತಾರಸಿಯ ಇನ್ನೊಂದು ಮೂಲೆಗೆ ಹಾಕಿದೆವು, ಅಷ್ಟೇ. ಬ್ಯಾಟರಿ ಅದೇ, ಕಂಟ್ರೋಲರ್ ಅದೇ. ತೋಟದ ಮನೆಗೆ ಸೋಲಾರ್ ಹಾಕಿಸುವವರು ದಕ್ಷಿಣ ದಿಕ್ಕಿನಲ್ಲಿ ಮರ, ನೀರಿನ ಟ್ಯಾಂಕ್ ಎಲ್ಲಿವೆ ಅಂತ ಮೊದಲು ನೋಡಿಕೊಳ್ಳಿ.

ನೆರಳಿಗಿಂತ ಕಳ್ಳತನದ ಕೆಲಸ ವೈರ್‌ನದ್ದು. ಸೆಟ್ ಹಾಕುವವರು ಉಳಿತಾಯ ಅಂತ ಮನೆ ವೈರಿಂಗ್‌ನಲ್ಲಿ ಉಳಿದ 1.5 ಸ್ಕ್ವೇರ್ ಎಂಎಂ ವೈರನ್ನೇ ತಾರಸಿಯಿಂದ ಕೆಳಗೆ ಎಳೆದಿರುತ್ತಾರೆ. ಮೇಲಿನಿಂದ ಕೋಣೆಗೆ 15 ಮೀಟರ್ ಅಂದರೆ ಹೋಗಿ ಬರುವುದು ಸೇರಿ 30 ಮೀಟರ್ ತಾಮ್ರ. ಅದರ ರೆಸಿಸ್ಟೆನ್ಸ್ ಸುಮಾರು 0.36 ಓಮ್. ಎಂಟು ಆಂಪ್ ಹರಿದರೆ ದಾರಿಯಲ್ಲೇ 2.9 ವೋಲ್ಟ್ ನಷ್ಟ. ಪ್ಯಾನಲ್ ಕೆಲಸ ಮಾಡುವಾಗ ಕೊಡುವುದು 18 ವೋಲ್ಟ್. ಅದೂ 25 ಡಿಗ್ರಿ ಬಿಸಿಯಲ್ಲಿ ಅಳೆದ ಲೆಕ್ಕ. ನಮ್ಮ ಏಪ್ರಿಲ್ ಬಿಸಿಲಿಗೆ ಪ್ಯಾನಲ್ 60 ಡಿಗ್ರಿ ದಾಟುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಬಿಸಿ ಏರಿದಷ್ಟೂ ವೋಲ್ಟ್ ಇಳಿದು 15ರ ಹತ್ತಿರಕ್ಕೆ ಬರುತ್ತದೆ. ಅದರಲ್ಲಿ ವೈರ್ ತಿಂದಿದ್ದನ್ನು ಕಳೆಯಿರಿ. ಲೆಡ್ ಬ್ಯಾಟರಿ ಪೂರ್ತಿ ತುಂಬಬೇಕಾದರೆ 14.4 ವೋಲ್ಟ್ ಬೇಕು. ಬ್ಯಾಟರಿ ಅರ್ಧ ತುಂಬಿ ವೋಲ್ಟ್ ಮೇಲೇಳುವಷ್ಟರಲ್ಲಿ ಆಂಪ್ ಕುಸಿಯುತ್ತದೆ, 14.4ನ್ನು ಯಾವತ್ತೂ ಮುಟ್ಟುವುದಿಲ್ಲ. "ಬೆಳಿಗ್ಗೆ ಚೆನ್ನಾಗಿ ಚಾರ್ಜ್ ಆಗುತ್ತೆ, ಬಿಸಿಲೇರಿದ ಮೇಲೆ ನಿಂತುಬಿಡುತ್ತೆ" ಅಂತ ಯಾರಾದರೂ ಹೇಳಿದರೆ ನನ್ನ ಕಣ್ಣು ಮೊದಲು ವೈರ್ ಮೇಲೆ ಹೋಗುತ್ತದೆ. ಇದನ್ನು ಹಿಡಿಯುವುದು ಸುಲಭ. ಚಾರ್ಜ್ ಆಗುತ್ತಿರುವಾಗಲೇ ಪ್ಯಾನಲ್ ಹತ್ತಿರ ಒಂದು ಸಲ, ಕಂಟ್ರೋಲರ್ ಹತ್ತಿರ ಒಂದು ಸಲ ವೋಲ್ಟ್ ನೋಡಿ. ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ದರೆ ಸರಿ. ಎರಡು ಮೂರು ವೋಲ್ಟ್ ಇದ್ದರೆ ದಪ್ಪನೆಯ ಸೋಲಾರ್ ಡಿಸಿ ವೈರ್ ಎಳೆಸಿ. 15 ಮೀಟರ್‌ಗೆ 4 ಸ್ಕ್ವೇರ್ ಎಂಎಂ ತೀರಾ ಕನಿಷ್ಠ, 6 ಆದರೆ ನಿಶ್ಚಿಂತೆ.

ಮೇಲೆ ಕನೆಕ್ಟರ್ ಬಿಚ್ಚುವಾಗ ಒಂದು ಎಚ್ಚರಿಕೆ. ಆಂಪ್ ಹರಿಯುತ್ತಿರುವಾಗ ಎಳೆಯಬೇಡಿ, ಡಿಸಿ ಕಿಡಿ ಎಸಿ ಕಿಡಿಯ ಹಾಗೆ ತಾನಾಗಿ ಆರುವುದಿಲ್ಲ. ನಾನು ಪ್ಯಾನಲ್ ಮೇಲೆ ದಪ್ಪ ಕಂಬಳಿ ಹೊದಿಸಿಯೇ ಕೈ ಹಾಕುವುದು.

ಧೂಳಿನ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ರಾಗಿ ಒಕ್ಕಣೆ ಮುಗಿದ ಮೇಲೆ ಯಾರೂ ಪ್ಯಾನಲ್ ತೊಳೆಯಲ್ಲ. ಹುಣಸೆಹಣ್ಣು ಒಣಗಿಸಲು ಪ್ಯಾನಲ್‌ಗಿಂತ ಒಳ್ಳೆ ಜಾಗ ಸಿಗಲ್ಲ ಅಂತ ನಂಬಿರುವ ಅಜ್ಜಿಯಂದಿರ ಜೊತೆ ವಾದ ಮಾಡಿ ಗೆದ್ದವರಿದ್ದರೆ ಹೇಳಿ.

ಕೆಳಗೆ ಬಂದರೆ ಫ್ಯೂಸ್ ಮತ್ತು ಟರ್ಮಿನಲ್. ಬ್ಯಾಟರಿಯ ಸೀಸದ ಕಂಬದ ಮೇಲೆ ಮೀಟರ್‌ನ ಒಂದು ಮುಳ್ಳು, ಅದಕ್ಕೆ ಬಿಗಿದ ಕ್ಲ್ಯಾಂಪ್ ಮೇಲೆ ಇನ್ನೊಂದು ಮುಳ್ಳು ಇಡಿ. ಚಾರ್ಜ್ ಆಗುವಾಗ ಅಲ್ಲಿ ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್ ಬಂದರೆ ಒಳಗೆ ಬಿಳಿ ಹಸಿರು ಪುಡಿ ಕಟ್ಟಿದೆ ಅಂತ ಅರ್ಥ. ಬಿಚ್ಚಿ, ಬಿಸಿನೀರು ಮತ್ತು ಅಡುಗೆ ಸೋಡಾದಲ್ಲಿ ತೊಳೆದು, ಒರೆಸಿ, ಬಿಗಿದು ವ್ಯಾಸಲಿನ್ ಹಚ್ಚಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು. ಬಿಚ್ಚುವಾಗ ಮೊದಲು ಪ್ಯಾನಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. 12 ವೋಲ್ಟೋ 24 ವೋಲ್ಟೋ ಅಂತ ಕಂಟ್ರೋಲರ್ ತಿಳಿದುಕೊಳ್ಳುವುದು ಬ್ಯಾಟರಿ ನೋಡಿ.

ಅದೇ ಕಾರಣಕ್ಕೆ, ತೀರಾ ಬರಿದಾದ ಬ್ಯಾಟರಿಯ ಮುಂದೆ ಎಷ್ಟೋ ಕಂಟ್ರೋಲರ್‌ಗಳು ಏಳುವುದೇ ಇಲ್ಲ. ಮೇಲೆ ಬಿಸಿಲು ಸುರಿಯುತ್ತಿರುತ್ತದೆ, ಡಿಸ್‌ಪ್ಲೇ ಕಪ್ಪಗಿರುತ್ತದೆ. ಬೇರೆ ಚಾರ್ಜರ್‌ನಿಂದ ಒಂದೆರಡು ಗಂಟೆ ಕೊಟ್ಟು ಬ್ಯಾಟರಿಯನ್ನು 12ರ ಮೇಲೆ ತಂದರೆ ತಾನೇ ಎದ್ದು ಕೂರುತ್ತದೆ. ಈಗ ಬರುತ್ತಿರುವ ಲಿಥಿಯಂ ಬ್ಯಾಟರಿಗಳಲ್ಲಿ ಇದು ಇನ್ನೂ ಜಾಸ್ತಿ. ಒಳಗಿನ ಬಿಎಂಎಸ್ ಅನ್ನುವ ಕಾವಲು ಸರ್ಕ್ಯೂಟ್ ಸೆಲ್‌ಗಳನ್ನು ಕಾಪಾಡಲು ಬಾಗಿಲು ಹಾಕಿಕೊಳ್ಳುತ್ತದೆ, ಹೊರಗೆ ಮೀಟರ್ ಇಟ್ಟರೆ ಸೊನ್ನೆಯೋ ಎರಡು ಮೂರು ವೋಲ್ಟೋ ಬರುತ್ತದೆ. ಸತ್ತಿದೆ ಅಂತ ಎಸೆಯಬೇಡಿ. ಲಿಥಿಯಂಗೆ ಅಂತಲೇ ಇರುವ ಚಾರ್ಜರ್‌ನಿಂದ ಎಬ್ಬಿಸಬಹುದು. ಬಿಎಂಎಸ್ ತಪ್ಪಿಸಿ ನೇರವಾಗಿ ಸೆಲ್‌ಗೆ ಚಾರ್ಜ್ ಕೊಡುವ ವೀಡಿಯೊಗಳು ಓಡಾಡುತ್ತಿವೆ. ಬೆಂಕಿ ಹತ್ತುವ ಕೆಲಸ ಅದು.

ಪಾವಗಡದ ಕಡೆ ಹೋದರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಪಕ್ಕದಲ್ಲೇ ತಿರುಮಣಿಯಲ್ಲಿ 2050 ಮೆಗಾವ್ಯಾಟ್ ತಯಾರಾಗುತ್ತಂತೆ, ನಮ್ಮ ಒಂದು ಬ್ಯಾಟರಿ ತುಂಬಲ್ವಲ್ಲಣ್ಣ?" ಅಲ್ಲಿನ ಸೋಲಾರ್ ಪಾರ್ಕ್‌ನ ಕರೆಂಟ್ ಹಗಲು ಹುಟ್ಟಿ ಹಾಗೇ ಗ್ರಿಡ್‌ಗೆ ಹೋಗುತ್ತದೆ. 2024ರಲ್ಲಿ ಶುರುವಾದ ಸೂರ್ಯ ಘರ್ ಯೋಜನೆಯಲ್ಲಿ ಸಬ್ಸಿಡಿ ತಗೊಂಡು ಹಾಕಿಸಿದ ಎಷ್ಟೋ ಸೆಟ್‌ಗಳೂ ಹೀಗೆಯೇ, ಬ್ಯಾಟರಿಯೇ ಇರುವುದಿಲ್ಲ. ಲೈನ್‌ನಲ್ಲಿ ಕರೆಂಟ್ ಹೋದರೆ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಅವು ತಾವಾಗಿ ನಿಲ್ಲುತ್ತವೆ. ಅವರೂ ಕರೆಂಟ್ ಹೋದಾಗ "ಸೋಲಾರ್ ಕೆಟ್ಟಿದೆ" ಅಂತ ಫೋನ್ ಮಾಡುತ್ತಾರೆ.

ಇಷ್ಟೆಲ್ಲಾ ಸರಿ ಇದ್ದರೆ ಬ್ಯಾಟರಿಯ ಸರದಿ. ಚಾರ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೇ 14.4ಕ್ಕೆ ಹಾರಿ, ತೆಗೆದ ಕೂಡಲೇ ಬಿದ್ದುಹೋದರೆ ಸಲ್ಫೇಟ್ ಹಿಡಿದಿರುವ ಲಕ್ಷಣ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ಆರೂ ಸೆಲ್ ನೋಡುತ್ತೇನೆ. ತುಂಬಿದ ಟ್ಯೂಬುಲರ್‌ನಲ್ಲಿ 1240ರ ಆಸುಪಾಸು ಬರಬೇಕು. ಐದು ಸೆಲ್ 1220 ಇದ್ದು ಒಂದು ಮಾತ್ರ 1100 ಅಂದರೆ ಆ ಸೆಲ್ ಹೋಗಿದೆ, ಮುಂದೆ ಮಾತಿಲ್ಲ. ಬ್ಯಾಟರಿಗೆ ಆಸಿಡ್ ಹಾಕಿಸಿ ಅನ್ನುವವರ ಮಾತು ಕೇಳಬೇಡಿ. ಹೈಡ್ರೋಮೀಟರ್ ಓದಿಕೆ ಏರುತ್ತದೆ, ಪ್ಲೇಟು ಇನ್ನೂ ಬೇಗ ಹಾಳಾಗುತ್ತದೆ. ಆರುವುದು ನೀರು, ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್. ನಮ್ಮ ಕಡೆಯ ಬೋರ್ ನೀರು ಪಾತ್ರೆ ತಳದಲ್ಲಿ ಬಿಳಿ ಕಟ್ಟುವುದನ್ನು ದಿನಾ ನೋಡುತ್ತೀರಿ, ಅದು ಬ್ಯಾಟರಿಗೆ ಬೇಡ.

ಎರಡು ಬ್ಯಾಟರಿಯ 24 ವೋಲ್ಟ್ ಸೆಟ್ ಇರುವವರು ಈ ಹಂತದಲ್ಲಿ ಕೇಳುವುದು, "ಒಂದು ಹೋಗಿದೆ ಅಂದ್ರಲ್ಲ, ಒಂದನ್ನೇ ಬದಲಾಯಿಸಿದ್ರೆ ಆಗಲ್ವಾ ಸಾರ್?" ಎರಡೂ ಒಂದು ವರ್ಷದ ಒಳಗಿನವಾದರೆ ಆಗುತ್ತದೆ. ನಾಲ್ಕೈದು ವರ್ಷ ದುಡಿದದ್ದರ ಜೊತೆ ಹೊಸದನ್ನು ಸಾಲಿಗೆ ಹಾಕಿದರೆ ಹಳೆಯದು ಬೇಗ ಉಕ್ಕಿ ನೀರು ಕಳೆದುಕೊಳ್ಳುತ್ತದೆ, ಹೊಸದು ಪೂರ್ತಿ ತುಂಬುವುದೇ ಇಲ್ಲ. ಎರಡೂ ಒಟ್ಟಿಗೆ ಬದಲಾಯಿಸಿ, ಹಳೆಯವನ್ನು ಎಕ್ಸ್‌ಚೇಂಜ್‌ಗೆ ಕೊಡಿ. ಸೀಸಕ್ಕೆ ತೂಕದ ಮೇಲೆ ಬೆಲೆ ಇದೆ, ಗುಜರಿಗೆ ಹಾಕುವ ಮುಂಚೆ ಎರಡು ಅಂಗಡಿಯಲ್ಲಿ ಕೇಳಿ.