ಕಲಬುರಗಿಯಿಂದ ಮೊದಲ ಕ್ರೂಸ್‌ಗೆ ಹೊರಡುವವರಿಗೆ

ಮುಂಬೈನಿಂದ ಹಡಗು ಹೊರಡುವ ದಿನವೇ ಬೆಳಿಗ್ಗೆ ತಲುಪುವ ರೈಲು ಬುಕ್ ಮಾಡಬೇಡಿ. ಸೊಲ್ಲಾಪುರ, ಪುಣೆ ದಾಟುವಷ್ಟರಲ್ಲಿ ಗಾಡಿ ತಡವಾದರೆ ಹಡಗು ಕಾಯುವುದಿಲ್ಲ. ಚೆಕ್-ಇನ್ ಹಡಗು ಹೊರಡುವುದಕ್ಕಿಂತ ಸಾಕಷ್ಟು ಮೊದಲೇ ಮುಗಿದಿರುತ್ತದೆ. ಹಿಂದಿನ ದಿನವೇ ಹೋಗಿ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಹತ್ತಿರ ಉಳಿಯಿರಿ, ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ದೂರವಿಲ್ಲ.

ಕ್ಯಾಬಿನ್ ವಿಷಯದಲ್ಲಿ ಮೇಲಿನ ಡೆಕ್ಕಿನ (ಹಡಗಿನ ಮಹಡಿಯ) ನೋಟಕ್ಕೆ ಮರುಳಾಗಬೇಡಿ. ಹಡಗು ಓಲಾಡುವಾಗ ತುದಿಗಳು, ಮೇಲಿನ ಡೆಕ್ಕುಗಳು ಹೆಚ್ಚು ಅಲುಗುತ್ತವೆ. ಸಮುದ್ರ ಕಾಣದೆ ಬೆಳೆದ ನಮ್ಮ ಬಯಲುಸೀಮೆಯವರಿಗೆ ಕೆಳಡೆಕ್ಕಿನ ನಟ್ಟನಡುವಿನ ಕ್ಯಾಬಿನ್ನೇ ಸರಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತಗೊಳ್ಳಿ, ಶುರುವಾದ ಮೇಲೆ ಅಷ್ಟು ಕೆಲಸ ಮಾಡದು.

ದೊಡ್ಡ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರಲು ತಾಸುಗಟ್ಟಲೆ ಆಗಬಹುದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಹತ್ತಿದ ಕೂಡಲೇ ಮೊಬೈಲ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಹಡಗಿನ ಉಪಗ್ರಹ ರೋಮಿಂಗ್ ಬಿಲ್ಲು ಬೆಚ್ಚಿಬೀಳಿಸುತ್ತದೆ.